ವಾಲಿ ನಿಲ್ಲುವ ಸ್ಕೂಟರ್

ಮದರಾಸಿನ ಕ್ರೋಂಪೇಟೆಯ ರೈಲ್ವೆ ಗೇಟಿನಿಂದ ಸ್ವಲ್ಪ ಒಳಗೆ ಹೋದರೆ ನಾಲ್ಕು ಮನೆಗಳ ಒಂದು ಕಾಂಪೌಂಡು. ಅದರ ಅಂಗಳದಲ್ಲಿ ನೀರಿನ ಸಂಪು, ಸಂಪಿನ ಮೇಲೊಂದು ಕಲ್ಲುಚಪ್ಪಡಿ. ಜಲಜಾ ತನ್ನ ಸ್ಕೂಟರನ್ನು ನಿಲ್ಲಿಸುತ್ತಿದ್ದುದು ಆ ಚಪ್ಪಡಿಯ ಪಕ್ಕದಲ್ಲೇ. ಅಂಗಳ ಎಷ್ಟೇ ಖಾಲಿ ಇರಲಿ, ಬೇರೆ ಕಡೆ ನಿಲ್ಲಿಸಿದವಳಲ್ಲ. ಅದೂ ಹೇಗೆ ಅಂತೀರಿ? ಹಿಂದಿನ ಚಕ್ರದ ಆಚೀಚೆ ಜೋಡಿಸಿದ್ದ ಎರಡು ಪುಟ್ಟ ಗಾಲಿಗಳಲ್ಲಿ ಎಡಗಡೆಯದು ಚಪ್ಪಡಿಯ ಅಂಚು ಹತ್ತಿ ಕೂರಬೇಕು, ಉಳಿದದ್ದೆಲ್ಲ ನೆಲದ ಮೇಲಿರಬೇಕು. ಯಾರಾದರೂ ಅಲ್ಲಿ ಕೊಡ ಇಟ್ಟಿದ್ದರೆ ಹಾರ್ನ್ ಹೊಡೆದೂ ಹೊಡೆದೂ ತೆಗೆಸುತ್ತಿದ್ದಳು. ಏನು ಜಂಬವೋ ಈ ಹೆಂಗಸಿಗೆ ಎಂದು ಕಾಂಪೌಂಡಿನವರು ಮೂಗು ಮುರಿಯುತ್ತಿದ್ದರು. ಜಂಬ ಎಲ್ಲಿಂದ ಬರಬೇಕು ಪಾಪ, ಅದು ನಾಚಿಕೆ. ಸಮನೆಲದಲ್ಲಿ ನಿಲ್ಲಿಸಿದರೆ ಆ ಸ್ಕೂಟರ್ ಎಡಕ್ಕೆ ವಾಲಿ ನಿಲ್ಲುತ್ತಿತ್ತು.

ಜಲಜಾಳ ಎಡಗಾಲು ಪೋಲಿಯೋದಿಂದ ಸೊರಗಿದ್ದು. ನಡೆಯಲು ಕಲಿತು ಇನ್ನೂ ವರ್ಷ ಕಳೆದಿರಲಿಲ್ಲ, ಒಂದು ಜ್ವರ ಬಂತು, ಹೋಗುವಾಗ ಕಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು, ಅದರ ಮೇಲೆ ನೆರಿಗೆ ಇಳಿಬಿಟ್ಟು ಸೀರೆ ಉಟ್ಟು ಆಫೀಸಿಗೆ ಹೋಗುತ್ತಿದ್ದಳು. ತಾಂಬರಂನ ಒಂದು ವಿಮಾ ಆಫೀಸಿನಲ್ಲಿ ಅವಳದು ಗುಮಾಸ್ತೆ ಕೆಲಸ. ಊರು ಮಂಡ್ಯ, ರೈಲ್ವೆ ಬುಕಿಂಗ್ ಕೌಂಟರಿನಲ್ಲಿದ್ದ ವೆಂಕಟೇಶನನ್ನು ಮದುವೆಯಾಗಿ ಮದರಾಸಿಗೆ ಬಂದವಳು.

ಸ್ಕೂಟರ್ ಬರುವುದಕ್ಕೆ ಮುಂಚಿನ ದಿನಗಳನ್ನು ಜಲಜಾ ಯಾರ ಮುಂದೆಯೂ ಹೇಳುತ್ತಿರಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ, ಬರೀ ಕಾಯುವುದು. ಎಲೆಕ್ಟ್ರಿಕ್ ಟ್ರೈನು ಹತ್ತಬೇಕೆಂದರೆ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬೇಕು, ಅದು ಆಗದ ಮಾತು. ಬಸ್ಸು ಅವಳು ಕಾಲೆತ್ತುವ ಹೊತ್ತಿಗೆ ಹೊರಟಿರುತ್ತಿತ್ತು. ಹಾಗಾಗಿ ಗಂಡನ ಸೈಕಲ್ಲೇ ಗತಿ, ಬೆಳಿಗ್ಗೆ ಅವನು ತಯಾರಾಗುವ ತನಕ ಕಾಯಬೇಕು, ಸಂಜೆ ಗಂಡ ಬರುವ ತನಕ ಕಾಯಬೇಕು. ಎಷ್ಟೋ ಸಂಜೆ ಆಫೀಸಿನ ಬಾಗಿಲು ಹಾಕಿ, ವಾಚ್‌ಮ್ಯಾನ್ ತನ್ನ ಸ್ಟೂಲು ಬಿಟ್ಟುಕೊಟ್ಟು ತಾನು ನಿಂತಿರುತ್ತಿದ್ದ. ಅವನ ಆ ಕರುಣೆ ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ವೆಂಕಟೇಶ ಒಳ್ಳೆಯವನೇ. ಒಂದು ದಿನವೂ ಬೇಸರ ತೋರಿಸಿದವನಲ್ಲ. ಅದೇ ಇನ್ನೂ ಕಷ್ಟ, ಬೈದುಕೊಳ್ಳೋಣವೆಂದರೆ ಒಬ್ಬರಾದರೂ ಸಿಗಬೇಕಲ್ಲ!

ಸ್ಕೂಟರ್ ಬಂದ ಮೇಲೆ ಜಲಜಾ ಬೇರೆಯೇ ಮನುಷ್ಯಳಾದಳು. ಮಾರ್ಕೆಟ್ಟಿಗೆ ಒಬ್ಬಳೇ, ಬ್ಯಾಂಕಿಗೆ ಒಬ್ಬಳೇ. ಅತ್ತೆ ಚಿಕ್ಕತಾಯಮ್ಮನಿಗೆ ಮೊಣಕಾಲು ನೋವು ಬಂದಾಗ ಅವರನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದವಳೂ ಅವಳೇ. ಆ ದಿನ ಅತ್ತೆ ಮನೆಗೆ ಬಂದವರೇ, “ನನ್ ಸೊಸೆ ಏರೋಪ್ಲೇನ್ ಬಿಟ್ಟಂಗ್ ಬಿಡ್ತಾಳೆ ಕಣ್ರವ್ವ” ಎಂದು ಕಾಂಪೌಂಡಿಗೆಲ್ಲ ಸಾರಿದ್ದರು.

ಆ ಪುಟ್ಟ ಗಾಲಿಗಳನ್ನು ಜೋಡಿಸಿಕೊಟ್ಟವನು ಪಲ್ಲಾವರಂನ ಮೆಕ್ಯಾನಿಕ್ ಮಸ್ತಾನ್ ಭಾಯ್. ಅವನ ಅಂಗಡಿ ಎಂದರೆ ರಸ್ತೆಯೇ. ಅಲ್ಲಿ, ಹೋಗಿಬರುವ ಜನರ ನಡುವೆ, ಅವಳನ್ನು ಸ್ಕೂಟರಿನ ಮೇಲೆ ಕೂರಿಸಿ, ಏಳಿಸಿ, ಮತ್ತೆ ಕೂರಿಸಿ, ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ್ದ. ಮತ್ತೆ ಏಳಿಸಿದ, ಏನೋ ಬಿಚ್ಚಿದ, ಏನೋ ಹಾಕಿದ. ಟೀ ಅಂಗಡಿಯ ಮುಂದೆ ನಿಂತವರೆಲ್ಲ ಲೋಟ ಕೈಯಲ್ಲಿ ಹಿಡಿದು ನೋಡಿದ್ದೇ ನೋಡಿದ್ದು. ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತ್ತು ಜಲಜಾಗೆ. ಕೊನೆಗೆ ಅವನು, “ಇನಿಮೇ ನೇರಾ ಪೋಗುಂ, ತಾಯೀ” ಎಂದ. ಇನ್ನು ಮೇಲೆ ನೇರ ಹೋಗುತ್ತದಂತೆ. ಏನು ಮಾಡಿದೆ, ಯಾಕೆ ಮಾಡಿದೆ ಎಂದು ಕೇಳುವ ತಾಳ್ಮೆ ಯಾರಿಗಿತ್ತು? ಅಲ್ಲಿಂದ ಬಂದರೆ ಸಾಕಾಗಿತ್ತು.

ಮನೆಗೆ ಬಂದು ನಿಲ್ಲಿಸಿದಾಗ ನೋಡಿದರೆ ಸ್ಕೂಟರ್ ಎಡಕ್ಕೆ ವಾಲಿದೆ. ಓಡಿಸುವಾಗ ಏನೂ ತೊಂದರೆಯಿಲ್ಲ, ನಿಲ್ಲಿಸಿದರೆ ವಾಲುತ್ತದೆ. ಮಹಡಿಯ ಮೇಲಿನ ಮನೆಯ ವಾಸಂತಿಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಕನ್ನಡದವರು ಅವರು, ಬಾಯಿ ಬಿಟ್ಟರೆ ಅರ್ಧ ತಮಿಳು. ಬಾಲ್ಕನಿಯಿಂದ ಬಗ್ಗಿ, ವಾಲಿದ ಗಾಡಿಯನ್ನು ತೋರಿಸಿ, “ಏನ್ ಜಲಜಾ, ವಂಡಿ ಸಾಂಜು ನಿಂತಿದೆ? ನಿನ್ನ ಜತೆ ಸೇರಿ ಅದಕ್ಕೂ ಕುಂಟು ಬಂದುಬಿಡ್ತಾ?” ಎಂದು ನಕ್ಕಿದ್ದಳು. ಬೇಕೆಂದು ನೋಯಿಸುವವಳಲ್ಲ ವಾಸಂತಿ, ಬಾಯಿಗೆ ಬಂದದ್ದನ್ನು ಆಡುವವಳು. ಆದರೆ ಮರುದಿನದಿಂದಲೇ ಜಲಜಾ ಚಪ್ಪಡಿಯ ಅಂಚು ಹುಡುಕಿಕೊಂಡಳು. ಎಡಗಾಲಿ ಅದರ ಮೇಲೆ ಹತ್ತಿದರೆ ಸ್ಕೂಟರ್ ನೆಟ್ಟಗೆ ಕಾಣುತ್ತಿತ್ತು. ಇಷ್ಟಕ್ಕಾಗಿ ಮತ್ತೆ ಆ ರಸ್ತೆಯಲ್ಲಿ ಪ್ರದರ್ಶನಕ್ಕೆ ಕೂರುವುದು ಬೇಡವೆಂದು ಸುಮ್ಮನಾದಳು. ಆಮೇಲೆ ಮಸ್ತಾನ್ ಭಾಯಿಯೂ ಅಂಗಡಿ ಎತ್ತಿ ಆಂಬೂರಿನ ಕಡೆ ಮಗನ ಹತ್ತಿರ ಹೋದನಂತೆ.

ಹೀಗೆ ವರ್ಷಗಳು ಕಳೆದವು. ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆ, ಮದರಾಸು ನೀರಿಲ್ಲದೆ ಒದ್ದಾಡುತ್ತಿತ್ತು. ರಸ್ತೆ ತುಂಬ ನೀರಿನ ಲಾರಿಗಳು. ಆಗ ಜಲಜಾಳ ಸ್ಕೂಟರಿನ ಸೆಲ್ಫ್ ಸ್ಟಾರ್ಟರ್ ಕೈಕೊಟ್ಟಿತು. ಬೇರೆಯವರಾದರೆ ಕಾಲಲ್ಲಿ ಒದ್ದು ಹೊರಡುತ್ತಾರೆ, ಇವಳು ಯಾವ ಕಾಲಲ್ಲಿ ಒದೆಯಬೇಕು? ಬೀದಿಯ ಮೆಕ್ಯಾನಿಕ್ ನೋಡಿ, ಇದರ ಸಾಮಾನು ಕಂಪನಿ ಶೋರೂಮಿನಲ್ಲೇ ಸಿಗುವುದು, ಅಲ್ಲಿಗೇ ಬಿಡಿ ಅಂದ.

ಜಿ.ಎಸ್.ಟಿ. ರಸ್ತೆ ಎಂಬ ಹೆದ್ದಾರಿಯ ಮೇಲಿದ್ದ ಆ ಶೋರೂಮಿನ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಟೈ ಕಟ್ಟಿಕೊಂಡಿದ್ದ ಇಳಂಗೋ ಎಂಬ ಯುವಕ ಬಂದು ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿದ. ಅಲ್ಲಿ ಚಪ್ಪಡಿಯೂ ಇಲ್ಲ, ಅಂಚೂ ಇಲ್ಲ. ಅಂಥ ಸಮನೆಲದ ಮೇಲೆ ಬಡಪಾಯಿ ಸ್ಕೂಟರ್ ತನ್ನ ವಾಲುವಿಕೆಯನ್ನೆಲ್ಲ ಬಯಲು ಮಾಡಿಕೊಂಡು ನಿಂತಿತ್ತು.

“ಮೇಡಂ, ವಂಡಿ ಒರು ಸೈಡಾ ಸಾಂಜಿರುಕ್ಕೇ. ಅದೆಯುಂ ಸರಿ ಪಣ್ಣಿಡಲಾಮಾ?” ಗಾಡಿ ಒಂದು ಕಡೆ ವಾಲಿದೆ, ಅದನ್ನೂ ಸರಿಮಾಡಿಬಿಡೋಣವೇ ಎಂದು ಅವನು ಕೇಳಿದ್ದು ಮರ್ಯಾದೆಯಿಂದಲೇ. ಆದರೆ ಸ್ವಲ್ಪ ಜೋರಾಗಿ ಕೇಳಿದ. ಹೊಸ ಬೈಕು ನೋಡಲು ಬಂದಿದ್ದ ಒಂದು ಸಂಸಾರ ತಿರುಗಿ ನೋಡಿತು. ಆ ಸಂಸಾರದ ಹೆಂಗಸಿನ ಕಣ್ಣು ಮೊದಲು ಸ್ಕೂಟರಿನ ಮೇಲೆ ಬಿತ್ತು, ಅಲ್ಲಿಂದ ಮೆಲ್ಲಗೆ ಜಲಜಾಳ ಪಾದದ ಮೇಲೆ ಇಳಿಯಿತು. ಜಲಜಾಳ ಕಿವಿ ಬಿಸಿಯಾಯಿತು.

“ಪಣ್ಣಿಡುಂಗೋ” ಅಂದುಬಿಟ್ಟಳು. ಮಾಡಿಬಿಡಿ. ಒಂದೇ ಮಾತು, ಅಷ್ಟೆ.

ಗಾಡಿ ವಾಪಸು ಬಂದಾಗ ಗುಂಡಿ ಒತ್ತಿದರೆ ಸಾಕು, ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ನೆಟ್ಟಗೆ ನಿಂತಿತ್ತು. ಅಂಗಳದ ನಟ್ಟನಡುವೆ ನಿಲ್ಲಿಸಿ, “ಅತ್ತೆ, ಬನ್ನಿ ಇಲ್ಲಿ” ಎಂದು ಕೂಗಿದಳು ಜಲಜಾ. ಚಿಕ್ಕತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ಅಯ್ ಸಿವನೇ, ಮದ್ವೆ ಗಂಡು ನಿಂತಂಗ್ ನಿಂತದಲ್ಲವ್ವ!” ಅಂದರು. ಶೋರೂಮಿನವರು ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಸುಟ್ಟ ವೈರು, ಸವೆದ ತುಂಡುಗಳು, ನಡುವೆ ತೂತಿದ್ದ ದಪ್ಪನೆಯ ಒಂದು ಕಬ್ಬಿಣದ ಬಿಲ್ಲೆ. ಜಲಜಾ ಬಿಸಾಡಲು ಹೊರಟರೆ ಅತ್ತೆ ಬಿಡಲಿಲ್ಲ. ಕಬ್ಬಿಣ ಯಾವತ್ತಾದರೂ ಕೆಲಸಕ್ಕೆ ಬರುತ್ತೆ ಎಂದು ಆ ಬಿಲ್ಲೆಯನ್ನು ಎತ್ತಿ ಡಬ್ಬಕ್ಕೆ ಹಾಕಿಕೊಂಡರು.

ಆ ವಾರ ಜಲಜಾ ಕಾಂಪೌಂಡಿನಲ್ಲಿ ಬೇಕೆಂದಲ್ಲಿ ಸ್ಕೂಟರ್ ನಿಲ್ಲಿಸಿ ಮೆರೆದಳು. ಮೆರೆಯಲಿ ಬಿಡಿ, ಪಾಪ. ಆದರೆ ರಸ್ತೆಯಲ್ಲಿ ಏನೋ ಸರಿಯಿರಲಿಲ್ಲ.

ಮೊದಮೊದಲು ಗಾಳಿ ಇರಬೇಕು ಅಂದುಕೊಂಡಳು. ಆಮೇಲೆ ರಸ್ತೆಯ ಇಳಿಜಾರು ಅಂದುಕೊಂಡಳು. ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಹ್ಯಾಂಡಲ್ಲು ಬಲಕ್ಕೆ ಎಳೆಯುತ್ತಿತ್ತು. ಬಲಕ್ಕೆ ಎಂದರೆ ರಸ್ತೆಯ ಮಧ್ಯಕ್ಕೆ, ಬಸ್ಸು ಲಾರಿಗಳು ನುಗ್ಗುವ ಕಡೆಗೆ. ಹಟ ಮಾಡುವ ಎಮ್ಮೆಯನ್ನು ಹಗ್ಗ ಹಿಡಿದು ಎಳೆದ ಹಾಗೆ ಅವಳು ದಾರಿಯುದ್ದಕ್ಕೂ ಎಡಕ್ಕೆ ಎಳೆಯಬೇಕು. ತಾಂಬರಂ ಮುಟ್ಟುವ ಹೊತ್ತಿಗೆ ಭುಜ ಕಿತ್ತು ಬರುತ್ತಿತ್ತು.

ಮತ್ತೆ ಶೋರೂಮಿಗೆ ಹೋದಳು. ಇಳಂಗೋ ತಾನೇ ಓಡಿಸಿಕೊಂಡು ಹೋಗಿ, ಎರಡೂ ಕೈ ಬಿಟ್ಟು ಬಂದು, “ಸೂಪ್ಪರಾ ಪೋಗುದು ಮೇಡಂ” ಅಂದ, ಸೊಗಸಾಗಿ ಓಡುತ್ತಿದೆಯಂತೆ. ಆದರೂ ಅವಳ ಸಮಾಧಾನಕ್ಕೆಂದು ಹ್ಯಾಂಡಲ್ಲಿನ ಬೇರಿಂಗು ಬದಲಾಯಿಸಿದರು. ಬಲಕ್ಕೆ ಎಳೆಯುವುದು ನಿಲ್ಲಲಿಲ್ಲ, ಮೇಲೆ ಹ್ಯಾಂಡಲ್ಲು ನಡುಗಲು ಶುರುವಾಯಿತು. ಇನ್ನೊಂದು ಸಲ ಹೋದಳು. ಬ್ರೇಕು ಬಿಗಿ ಮಾಡಿದರು. ಈಗ ಬ್ರೇಕು ಹಿಡಿದರೆ ಗಾಡಿ ಬಲಕ್ಕೆ ಮೂತಿ ತಿರುಗಿಸಿ ನಿಲ್ಲುತ್ತಿತ್ತು. ಬಲಗಡೆಯ ಪುಟ್ಟ ಗಾಲಿಯ ಟೈರು ಸವೆದು ಕೀರಲು ದನಿ ಬೇರೆ. ಅಲ್ಲಾ, ರಿಪೇರಿ ಎಂದರೆ ಒಂದು ತೊಂದರೆ ಹೋಗಬೇಕೋ, ಇನ್ನೊಂದು ಬರಬೇಕೋ? ಪ್ರತಿ ಸಲವೂ ಅವನು ಓಡಿಸಿ ನೋಡುವುದು, ಪ್ರತಿ ಸಲವೂ ಚೆನ್ನಾಗಿದೆ ಅನ್ನುವುದು. ಮೂರನೆಯ ಸಲ, ಮಾತಿಗೆ ಮುಂಚೆ ಒಂದು ಕ್ಷಣ ಅವಳ ಕಾಲಿನ ಕಡೆ ನೋಡಿ, “ಮೇಡಂ, ವಂಡಿಯಿಲೆ ಒಣ್ಣುಂ ಇಲ್ಲೆ” ಎಂದು ಮೆತ್ತಗೆ ಹೇಳಿದ. ಗಾಡಿಯಲ್ಲಿ ಏನೂ ಇಲ್ಲ. ಹಾಗಾದರೆ ಎಲ್ಲಿದೆ ಎಂಬುದನ್ನು ಅವನು ಹೇಳಲಿಲ್ಲ, ಹೇಳುವುದೇನು ಬೇಕು?

ಆ ಮಾತು ಜಲಜಾಳ ಹೊಟ್ಟೆಯೊಳಗೆ ಹೊಕ್ಕು ಕೂತಿತು. ಚಿಕ್ಕಂದಿನಲ್ಲಿ ಪೋಲಿಯೋ ಬಂದವರಿಗೆ ನಡುವಯಸ್ಸಿನಲ್ಲಿ ಚೆನ್ನಾಗಿದ್ದ ಸ್ನಾಯುಗಳೂ ಸೋಲತೊಡಗಬಹುದು ಎಂದು ಮೂಳೆ ಡಾಕ್ಟರು ಯಾವಾಗಲೋ ಹೇಳಿದ್ದು ಈಗ ನೆನಪಾಯಿತು. ಅವಳಿಗೂ ನಲವತ್ತು ದಾಟಿತ್ತು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ತುಂಬಿದ ಬಕೆಟ್ಟನ್ನು ಎಡಗೈಯಲ್ಲಿ ಎತ್ತಿ ನೋಡುವಳು, ಬಲಗೈಯಲ್ಲಿ ಎತ್ತಿ ನೋಡುವಳು. ಎರಡೂ ನಡುಗಿದಂತೆ ಕಾಣುವುದು. ದಿನವಿಡೀ ಹ್ಯಾಂಡಲ್ಲು ಎಳೆದ ಕೈ ನಡುಗದೆ ಇನ್ನೇನು ಮಾಡೀತು! ಆದರೆ ಹೆದರಿದ ಜೀವಕ್ಕೆ ಅಷ್ಟು ಲೆಕ್ಕ ಹೊಳೆಯುವುದಿಲ್ಲ. ಗಾಡಿ ನೆಟ್ಟಗಿದೆ, ಕಣ್ಣಾರೆ ಕಾಣುತ್ತಿದೆ. ಸೊಟ್ಟಗಾಗುತ್ತಿರುವುದು ನಾನೇ ಎಂದು ತೀರ್ಮಾನಿಸಿಕೊಂಡು, ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು. ಹೇಳಿದರೆ ಗಾಡಿ ಬಿಡು ಅನ್ನುತ್ತಾರೆ. ಗಾಡಿ ಬಿಟ್ಟರೆ ಮತ್ತೆ ಆ ವಾಚ್‌ಮ್ಯಾನಿನ ಸ್ಟೂಲು.

ನವರಾತ್ರಿ ಹತ್ತಿರ ಬರುತ್ತಿದ್ದ ಒಂದು ಸಂಜೆ ಆಫೀಸಿನಿಂದ ಬರುವಾಗ, ಸ್ಯಾನಟೋರಿಯಂ ಸ್ಟೇಷನ್ನು ದಾಟಿದ ಮೇಲೆ, ಮುಂದಿನ ಆಟೋ ತಟಕ್ಕನೆ ನಿಂತಿತು. ಜಲಜಾ ಬ್ರೇಕು ಹಿಡಿದಳು. ಸ್ಕೂಟರ್ ಬಲಕ್ಕೆ ಹೊರಳಿತು. ಹಿಂದಿನಿಂದ ನೀರಿನ ಲಾರಿಯ ಹಾರ್ನು, ಟೈರು ತಿಕ್ಕಿದ ಸದ್ದು, ಮೈಮೇಲೆ ಚೆಲ್ಲಿದ ತಣ್ಣೀರು. ಲಾರಿ ಅವಳ ಮೊಣಕೈಗೆ ಕೈಯಳತೆಯಲ್ಲಿ ನಿಂತಿತ್ತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, “ವೀಟ್ಲೆ ಸೊಲ್ಲಿಟ್ಟು ವಂದುಟ್ಟಿಯಾ?” ಎಂದು ಕೂಗಿದ. ಸಾಯಲು ಹೊರಟಂತೆ ಅಡ್ಡ ಬಂದವರನ್ನು ಮದರಾಸಿನ ಡ್ರೈವರುಗಳು ಬೈಯುವುದೇ ಹೀಗೆ, ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು. ಇಲ್ಲ, ಮನೆಯಲ್ಲಿ ಏನೂ ಹೇಳಿಲ್ಲ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಅವಳು ಹೇಳದಿದ್ದರೇನು, ಬಸ್ಸಿನಲ್ಲಿ ಬರುತ್ತಿದ್ದ ವಾಸಂತಿ ಎಲ್ಲವನ್ನೂ ನೋಡಿದ್ದಳು. ಜಲಜಾ ಮನೆ ಮುಟ್ಟಿ ಒದ್ದೆ ಸೀರೆ ಬದಲಾಯಿಸುವುದರೊಳಗೆ ಸುದ್ದಿ ವೆಂಕಟೇಶನ ಕಿವಿಗೆ ಬಿದ್ದಿತ್ತು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮುಖ ಬಿಳಿಚಿಕೊಂಡು ಕುರ್ಚಿಯಲ್ಲಿ ಕೂತಿದ್ದ.

“ಎಷ್ಟು ದಿನದಿಂದ ಹೀಗೆ?” ಎಂದ.

“ಶೋರೂಮಿಂದ ಬಂದಾಗಿಂದ.”

“ಅವ್ರು ವಂಡಿ ಸರಿಯಾಗಿದೆ ಅಂತಾರಾ?”

“ಹೂಂ.”

“ಹಾಗಾದ್ರೆ ಸಾಕು, ಜಲಜಾ. ಇಷ್ಟು ವರ್ಷ ಓಡಿಸಿದ್ದೇ ದೊಡ್ಡದು. ಇನ್ಮೇಲೆ ನಾನೇ ಬಿಟ್ಟು ಬರ್ತೀನಿ, ನಾನೇ ಕರ್ಕೊಂಡು ಬರ್ತೀನಿ. ನನ್ನ ಜತೆ ಕೆಲಸ ಮಾಡೋ ಬದರಿನಾಥನ ತಮ್ಮನಿಗೆ ಇಂಥ ವಂಡಿನೇ ಬೇಕಂತೆ. ವಿಜಯದಶಮಿ ದಿನ ಸಂಜೆ ಬಂದು ನೋಡೋಕೆ ಹೇಳ್ತೀನಿ. ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ, ಹೇಳು?”

ಅವನ ಕಣ್ಣು ತುಂಬಿತ್ತು. ಪ್ರೀತಿಯಿಂದ ಬಾಗಿಲು ಹಾಕುವವನ ಜತೆ ಜಗಳವಾಡುವುದು ಹೇಗೆ? ಆಗಲಿ ರೀ ಎಂದು ಒಳಗೆ ಹೋಗಿ, ಗೋಡೆಯ ಕಡೆ ತಿರುಗಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಯುಧಪೂಜೆಯ ದಿನ ಮನೆಯ ಕಬ್ಬಿಣವೆಲ್ಲ ಅಂಗಳಕ್ಕೆ ಬಂತು. ಈಳಿಗೆಮಣೆ, ಸುತ್ತಿಗೆ, ವೆಂಕಟೇಶನ ಸೈಕಲ್ಲು. ಸ್ಕೂಟರಿಗೆ ನೀರು ಹಾಕಿ ತೊಳೆದವಳು ಜಲಜಾಳೇ, ಕೊನೆಯ ಸಲವೆಂದು, ಮಗುವಿಗೆ ಎರೆದ ಹಾಗೆ ಒಂದೊಂದು ಸಂದಿಯನ್ನೂ ಉಜ್ಜಿದಳು. ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ನಾಳೆ ಬೇರೆಯವರ ಮನೆ ಸೇರುವ ಗಾಡಿಗೆ ಇವತ್ತು ದೃಷ್ಟಿ ತೆಗೆಯುವುದೇನು ಬಂತು ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಚಿಕ್ಕತಾಯಮ್ಮನ ಆಯುಧವೆಂದರೆ ಗ್ರೈಂಡರು. ಅದನ್ನು ಮೂಲೆಯಿಂದ ಎಳೆಸಿ ತೊಳೆದು, ಒರೆಸಿ, ಮತ್ತೆ ಸ್ಟ್ಯಾಂಡಿನ ಮೇಲೆ ಕೂರಿಸಿ, ವಿಭೂತಿ ಹಚ್ಚಿ ಪೂಜೆ ಮಾಡಿದರು. ಪೂಜೆಯಾದ ಮೇಲೆ ದೋಸೆಗೆ ಅಕ್ಕಿ ಹಾಕಿ ತಿರುವಿದರೆ ಗ್ರೈಂಡರು ದಡಬಡ ಕುಣಿಯತೊಡಗಿತು. ಅತ್ತೆ ನಿಲ್ಲಿಸಿ, ಬಗ್ಗಿ ನೋಡಿ, ತಮ್ಮ ಡಬ್ಬ ತಂದು ಕೆದಕಿ, ನಡುವೆ ತೂತಿದ್ದ ಆ ದಪ್ಪ ಬಿಲ್ಲೆಯನ್ನು ತೆಗೆದರು. ಅಕ್ಕಿಯನ್ನೆಲ್ಲ ಪಾತ್ರೆಗೆ ಬಳಿದುಕೊಂಡು, ಬಿಲ್ಲೆಯನ್ನು ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ತಳ್ಳಿದರು. ಈಗ ಖಾಲಿ ಗ್ರೈಂಡರು ಒಂದು ಕಡೆಗೆ ಓರೆಯಾಗಿ ನಿಂತಿತು.

“ಸೊಟ್ಟ ಆಯ್ತಲ್ಲ ಅತ್ತೆ” ಅಂದಳು ಜಲಜಾ, ಏನಾದರೂ ಅನ್ನಬೇಕಲ್ಲ ಎಂದು.

“ಖಾಲಿ ಇದ್ದಾಗ ಸೊಟ್ಟ ಕಾಣ್ತದೆ ಕಣವ್ವ. ಇದರ ಭಾರವೆಲ್ಲ ಆ ಕಡೀಕೇ ಬೀಳೋದು. ಅಕ್ಕಿ ಬಿದ್ಮೇಲೆ ನೋಡು, ಸಮಕ್ಕೆ ಕುಂತ್ಕತದೆ.” ಅತ್ತೆ ಅಕ್ಕಿ ಸುರಿದು ಗುಂಡಿ ಒತ್ತಿದರು. ಗ್ರೈಂಡರು ಮಿಸುಕದೆ ತಿರುಗಿತು.

ಜಲಜಾ ನಿಂತಲ್ಲೇ ನಿಂತಳು. ಪಲ್ಲಾವರಂನ ಆ ರಸ್ತೆ, ಟೀ ಅಂಗಡಿಯ ಮುಂದಿನ ಕಣ್ಣುಗಳು, ಒಂದು ಕಣ್ಣು ಮುಚ್ಚಿ ಹಿಂದೆ ಕೂತಿದ್ದ ಮಸ್ತಾನ್ ಭಾಯ್ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಕೂರು ತಾಯೀ, ಏಳು ತಾಯೀ ಎಂದು ಅವನು ನೋಡುತ್ತಿದ್ದುದು ಗಾಡಿಯನ್ನಲ್ಲ, ಅವಳನ್ನು. ಎಡಗಾಲಿನಲ್ಲಿ ಮಾಂಸವಿಲ್ಲ, ಮೈಭಾರವೆಲ್ಲ ಬಲಕ್ಕೆ. ಅದಕ್ಕೇ ಅವನು ಬಲಗಡೆಯ ಪುಟ್ಟ ಗಾಲಿಯ ಸ್ಪ್ರಿಂಗಿನ ಕೆಳಗೆ ಈ ಬಿಲ್ಲೆ ಕೊಟ್ಟು ಎತ್ತರಿಸಿದ್ದ. ಅವಳು ಇಳಿದರೆ ಗಾಡಿ ಎಡಕ್ಕೆ ವಾಲಬೇಕು, ಹತ್ತಿದರೆ ನೆಟ್ಟಗಾಗಬೇಕು. ಇಷ್ಟು ವರ್ಷ ಚಪ್ಪಡಿಯ ಅಂಚಿನಲ್ಲಿ ಮುಚ್ಚಿಟ್ಟದ್ದು ಗಾಡಿಯ ಕುಂಟಲ್ಲ, ತನ್ನ ಕಾಲಿಗೆ ಅವನು ಕೊಟ್ಟ ಆಸರೆ. ಅದನ್ನು ಕಿತ್ತುಹಾಕಿ ಎಂದವಳೂ ತಾನೇ. ಅಯ್ಯೋ, ಒಂದು ಹೊಳೆಯುವ ನೆಲದ ಮೇಲೆ ನಾಲ್ಕು ಜನರಿಗೆ ನಾಚಿಕೊಂಡು!

“ಅತ್ತೆ, ಆ ಬಿಲ್ಲೆ ನನಗೆ ಬೇಕು.”

“ಹಿಟ್ಟು ನುಣ್ಣಗಾಗ್ಲಿ ತಡಿ. ಹಬ್ಬದ ದಿನ ಅರ್ಧಕ್ಕೆ ನಿಲ್ಲಿಸ್ಬಾರ್ದು.”

ಹಿಟ್ಟು ನುಣ್ಣಗಾಗುವ ತನಕ ಕಾಯ್ದಳು. ಅವಳಿಗೇನು, ಕಾಯುವುದು ಅಭ್ಯಾಸವಿದ್ದದ್ದೇ.

ವಿಜಯದಶಮಿಯ ಬೆಳಿಗ್ಗೆ ಯಾರಿಗೂ ಹೇಳದೆ, ಒಳರಸ್ತೆಯಲ್ಲಿ ಆಮೆಯ ಹಾಗೆ ಓಡಿಸಿಕೊಂಡು ಶೋರೂಮಿಗೆ ಹೋದಳು. ಹೋದರೆ ಜಾತ್ರೆ! ಒಳ್ಳೆಯ ದಿನವೆಂದು ಹೊಸ ಗಾಡಿ ತೆಗೆದುಕೊಳ್ಳಲು ಸಂಸಾರ ಸಂಸಾರಗಳೇ ಬಂದು ಕೂತಿವೆ. ಹಾರ, ಕರ್ಪೂರ, ತೆಂಗಿನಕಾಯಿ, ಸಾಲಾಗಿ ನಿಂತ ಹೊಚ್ಚಹೊಸ ಬೈಕುಗಳು. ಒಂದೂ ಕೂದಲೆಳೆಯಷ್ಟು ವಾಲಿಲ್ಲ. ಜಲಜಾಳ ಕಾಲು ಒಂದು ಸಲ ಹಿಂದೆ ಸರಿಯಿತು. ನಾಳೆ ಬಂದರಾಯಿತು ಎನ್ನಿಸಿತು. ಆದರೆ ನಾಳೆಗೆ ಗಾಡಿ ಎಲ್ಲಿರುತ್ತದೆ? ಸಂಜೆಗೆ ಬದರಿನಾಥನ ತಮ್ಮ ಬರುತ್ತಾನೆ.

ಇಳಂಗೋ ಅವಳನ್ನು ಕಂಡ ಕೂಡಲೇ ಮುಖ ಗಂಟಿಕ್ಕಿದ. “ಮೇಡಂ, ಇನ್ನಿಕ್ಕಿ ಡೆಲಿವರಿ ಮಟ್ಟುಂದಾನ್” ಎಂದ. ಇವತ್ತು ಹೊಸ ಗಾಡಿ ಕೊಡುವುದು ಮಾತ್ರ, ರಿಪೇರಿ ಇಲ್ಲ. ಜಲಜಾ ಬಿಲ್ಲೆಯನ್ನು ಅವನ ಮೇಜಿನ ಮೇಲಿಟ್ಟು, ಇದನ್ನು ಬಲಗಡೆಯ ಸ್ಪ್ರಿಂಗಿನ ಕೆಳಗೆ ವಾಪಸು ಹಾಕಿಕೊಡಿ ಅಂದಳು. ಅವನು ಅದನ್ನು ತಿರುಗಿಸಿ ನೋಡಿ ನಕ್ಕ. ಇದು ಕಂಪನಿ ಸಾಮಾನಲ್ಲ, ಇದನ್ನು ಹಾಕಿದರೆ ಗಾಡಿ ಮೊದಲಿನ ಹಾಗೆ ವಾಲುತ್ತದೆ, ನೀವೇ ಅಲ್ಲವೇ ಸರಿಮಾಡಿ ಅಂದದ್ದು ಎಂದ.

“ಹೌದು, ನಾನೇ ಅಂದೆ.” ಜಲಜಾ ತಮಿಳಿನಲ್ಲೇ ಹೇಳಿದಳು, ಅವನಷ್ಟೇ ಜೋರಾಗಿ ಹೇಳಿದಳು. “ನಾಚಿಕೆಯಾಯಿತು, ಅದಕ್ಕೇ ಅಂದೆ. ಅದು ನನ್ನ ತಪ್ಪು. ಆದರೆ ಆಮೇಲೆ ಮೂರು ಸಲ ಬಂದೆ. ಮೂರು ಸಲವೂ ನೀವೇ ಕೂತು ಓಡಿಸಿದಿರಿ. ಈ ಗಾಡಿ ಓಡಿಸುವವಳು ನಾನು. ನನ್ನನ್ನು ಕೂರಿಸಿ ಒಂದು ಸಲವಾದರೂ ನೋಡಿದಿರಾ? ಬನ್ನಿ. ಹಿಂದೆ ಬಂದು ನೋಡಿ.”

ಕರ್ಪೂರ ಹಚ್ಚುತ್ತಿದ್ದವರ ಕೈ ನಿಂತಿತು. ಜಲಜಾ ಎಲ್ಲರ ಎದುರಿಗೆ ಸ್ಕೂಟರ್ ಹತ್ತಿ ಕೂತಳು. ಗಾಡಿ ಬಲಕ್ಕೆ ಕುಸಿಯಿತು. ಅವಳು ಬಗ್ಗಿ, ಸೀರೆಯ ನೆರಿಗೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಕಬ್ಬಿಣದ ಪಟ್ಟಿಗಳು, ತೊಗಲಿನ ಬೆಲ್ಟುಗಳು, ನಡುವೆ ಸಣ್ಣ ಮಗುವಿನದರಂಥ ಕಾಲು. ಮದುವೆಯಾದ ಮೇಲೆ ಡಾಕ್ಟರ ಕೋಣೆ ಬಿಟ್ಟರೆ ಹಗಲು ಬೆಳಕಿನಲ್ಲಿ ಅವಳು ಅದನ್ನು ಯಾರಿಗೂ ತೋರಿಸಿದವಳಲ್ಲ.

“ನೋಡಿ. ಈ ಕಡೆ ಭಾರವೇ ಇಲ್ಲ. ನಿಮ್ಮ ಗಾಡಿ ನೆಟ್ಟಗಿದ್ದರೆ ನಾನು ಲಾರಿಯ ಕೆಳಗೆ ಹೋಗುತ್ತೇನೆ. ಗಾಡಿ ಸೊಟ್ಟಗೇ ಇರಲಿ. ಹಾಕಿಕೊಡಿ.”

ಕಣ್ಣಲ್ಲಿ ನೀರಿತ್ತು. ಆದರೂ ನೆರಿಗೆ ಇಳಿಸಲಿಲ್ಲ. ಇಳಂಗೋ ಅವಳ ಹಿಂದೆ ಬಗ್ಗಿ ನೋಡಿದ. ಟೈ ನೆಲ ಮುಟ್ಟುತ್ತಿತ್ತು. ಎದ್ದವನು ಒಳಗೆ ಹೋಗಿ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದ. ಬಿಲ್ಲೆ ತನ್ನ ಜಾಗಕ್ಕೆ ಹೋಯಿತು. ಸಡಿಲವಾಗಿದ್ದ ಹ್ಯಾಂಡಲ್ಲನ್ನೂ ಸರಿಮಾಡಿದರು. ಈ ಸಲ ಓಡಿಸಿ ನೋಡುವ ಮಾತು ಯಾರೂ ಎತ್ತಲಿಲ್ಲ. “ನೀಂಗಳೇ ಓಟ್ಟಿ ಪಾರುಂಗ ಮೇಡಂ” ಎಂದ ಇಳಂಗೋ, ನೀವೇ ಓಡಿಸಿ ನೋಡಿ ಎಂದು.

ಜಿ.ಎಸ್.ಟಿ. ರಸ್ತೆಯಲ್ಲಿ ಹ್ಯಾಂಡಲ್ಲು ಎಳೆಯಲಿಲ್ಲ. ಜಲಜಾ ಬೆರಳ ತುದಿಯಲ್ಲಿ ಹಿಡಿದು ನೋಡಿದಳು, ಆಗಲೂ ಎಳೆಯಲಿಲ್ಲ. ನೀರಿನ ಲಾರಿಯೊಂದು ಪಕ್ಕದಲ್ಲಿ ಹಾದಾಗ ಮಾತ್ರ ಮೈ ಬಿಗಿಯಿತು. ಭುಜದ ನೋವು ಹಾಗೇ ಇತ್ತು. ಡಾಕ್ಟರು ಹೇಳಿದ ಆ ದಿನ ಮುಂದೆ ಯಾವತ್ತಾದರೂ ಬಂದೇ ಬರಬಹುದು, ಅದು ಬಿಲ್ಲೆಗೆ ಬಗ್ಗುವುದಲ್ಲ. ಆದರೆ ಆ ದಿನ ಇವತ್ತಲ್ಲ.

ಮನೆಗೆ ಬಂದು ಚಪ್ಪಡಿಯ ಹತ್ತಿರ ಹೋಗಲಿಲ್ಲ. ಅಂಗಳದ ನಡುವೆ ನಿಲ್ಲಿಸಿ ಇಳಿದಳು. ಸ್ಕೂಟರ್ ಎಡಕ್ಕೆ ವಾಲಿತು. ಬಾಗಿಲಿಗೆ ಬಂದ ಚಿಕ್ಕತಾಯಮ್ಮ, “ಅಯ್ಯಯ್ಯೋ, ಮತ್ತೆ ಸೊಟ್ಟಗಾಯ್ತಲ್ಲವ್ವ! ತಡಿ, ಗಾಲಿ ಕೆಳೀಕೆ ಒಂದು ಕಲ್ಲು ತತ್ತೀನಿ” ಅಂದರು.

“ಬೇಡ ಅತ್ತೆ. ಅದು ಇರೋದೇ ಹಾಗೆ.”

ವೆಂಕಟೇಶ ಹೊರಗೆ ಬಂದ. ಹೆಂಡತಿ ಎಲ್ಲಿ ಹೋದಳೆಂದು ಆಗಲೇ ಬೀದಿಯ ತುದಿಯವರೆಗೆ ಹೋಗಿ ಬಂದಿದ್ದ ಎಂಬುದು ಬೆವರಿನಲ್ಲೇ ಗೊತ್ತಾಗುತ್ತಿತ್ತು. ಜಲಜಾ ಎಲ್ಲವನ್ನೂ ಹೇಳಿದಳು. ಚಪ್ಪಡಿ, ಮಸ್ತಾನ್ ಭಾಯ್, ಬಿಲ್ಲೆ, ಶೋರೂಮಿನಲ್ಲಿ ಆಡಿದ ಮಾತು. ಅವನು ಕೇಳಿಸಿಕೊಂಡು ಸ್ಕೂಟರಿನ ಹತ್ತಿರ ಬಂದ.

“ಕೂತ್ಕೋ, ನೋಡೋಣ” ಎಂದ.

ಅವಳು ಹತ್ತಿ ಕೂತಳು. ವೆಂಕಟೇಶ ಹಿಂದೆ ಹೋಗಿ ನೆಲದ ಮೇಲೆ ಕುಕ್ಕರಿಸಿದ. ಅವಳು ಏಳುವಾಗ, ಕೂರುವಾಗ, ಹತ್ತುವಾಗ, ಇಳಿಯುವಾಗ ಅವಳಿಗೆ ಮುಜುಗರವಾಗದಿರಲಿ ಎಂದು ಮುಖ ಆ ಕಡೆ ತಿರುಗಿಸಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದವನು, ಇವತ್ತು ಮೊದಲ ಸಲ ಕಣ್ಣಿಟ್ಟು ನೋಡಿದ. ಎದ್ದು ಬಂದು ಅವಳ ಭುಜ ಒಂದು ಸಲ ಅದುಮಿ ಒಳಗೆ ಹೋದ. ಬದರಿನಾಥನಿಗೆ ಫೋನು ಮಾಡುತ್ತಿದ್ದದ್ದು ಹೊರಗೂ ಕೇಳಿಸಿತು. ಇಲ್ಲ ಸ್ವಾಮಿ, ಮನಸ್ಸು ಬದಲಾಯಿಸಿದ್ದಲ್ಲ, ಗಾಡಿ ಕೊಡೋಕಾಗಲ್ಲ, ಅದು ಅವಳ ಅಳತೆಗೆ ಮಾಡಿದ್ದು ಎನ್ನುತ್ತಿದ್ದ.

ಜಲಜಾ ಇಳಿದು ಪರ್ಸು ತೆಗೆದುಕೊಳ್ಳುವ ಹೊತ್ತಿಗೆ ಮೇಲಿನ ಬಾಲ್ಕನಿಯಲ್ಲಿ ವಾಸಂತಿ ಬಟ್ಟೆ ಹರವುತ್ತಿದ್ದವಳು ಬಗ್ಗಿ ನೋಡಿದಳು.

“ಜಲಜಾ, ವಂಡಿ ತಿರುಗಿ ಸಾಂಜು ನಿಂತಿದೆ ನೋಡು!”

“ಗೊತ್ತು ವಾಸಂತಿ,” ಎಂದಳು ಜಲಜಾ, ತಲೆ ಎತ್ತಿ. “ನಾನು ಕೂತ್ರೆ ಸರಿಹೋಗುತ್ತೆ.”